ಹದಿನಾಲ್ಕನೇ ಮಂಚ

ಲುಬುಂಬಾಶಿಯ ಈ ಹೆರಿಗೆ ಆಸ್ಪತ್ರೆಯಲ್ಲಿ
ನಾನು ಕಿಟಕಿಯ ಈಚೆಗಿನವಳು.
ಕಬ್ಬಿಣದ ಸರಳು, ಸರಳಿನ ಕೆಳಗೆ ಗೇಣಗಲ ಸಂದು:
ಆಚೆಯಿಂದ ನೋಟು, ಈಚೆಯಿಂದ ರಸೀದಿ.
ಇಪ್ಪತ್ತು ವರ್ಷದಲ್ಲಿ ಮುಖಕ್ಕಿಂತ ಕೈಗಳನ್ನೇ ಹೆಚ್ಚು ಕಂಡಿದ್ದೇನೆ.

ಕಪಿಂಗಳ ಗಂಡನ ಅಂಗೈ ಗೆರೆಗಳಲ್ಲೆಲ್ಲ ಇದ್ದಿಲ ಪುಡಿ.
ಕಾಡಿನಿಂದ ಮೂಟೆ ಹೇರಿ ಸೈಕಲ್ ತಳ್ಳಿಕೊಂಡು ಬರುವ ಕಸುಬು.
ಕೂಸು ಅಡ್ಡ ತಿರುಗಿತ್ತು, ಹೊಟ್ಟೆ ಕೊಯ್ದರು.
ನಾಲ್ಕು ಲಕ್ಷದ ಹನ್ನೆರಡು ಸಾವಿರ ಫ್ರಾಂಕ್.
ಸೈಕಲ್ ಮಾರಿ ತೊಂಬತ್ತು ಸಾವಿರ ತಂದ.
ಇನ್ನು ಇದ್ದಿಲು ತರುವುದು ಯಾತರ ಮೇಲೆ
ಅಂತ ನಾನು ಕೇಳಲಿಲ್ಲ,
ಅದಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ.

ಆಮೇಲೆ ಜೇಬಿನಿಂದ ವಿಮೆ ಸಂಘದ ಚೀಟಿ ತೆಗೆದ.
ತಿಂಗಳಿಗೊಂದು ಮುದ್ರೆ, ಹನ್ನೆರಡು ಮನೆ.
ಹತ್ತು ತುಂಬಿವೆ, ಕೊನೆಯ ಎರಡು ಖಾಲಿ.
(ಮಳೆಗೆ ಇದ್ದಿಲು ನೆನೆಯುತ್ತದೆ, ಯಾರೂ ಕೊಳ್ಳುವುದಿಲ್ಲ.)
"ಹತ್ತಕ್ಕೆ ತಕ್ಕಷ್ಟಾದರೂ ಕೊಡುವುದಿಲ್ಲವೆ?" ಅಂದ.
ಮುಕ್ಕಾಲು ಹೊಳೆ ಈಜಿದವನಿಗೆ
ಮುಕ್ಕಾಲು ದಡ ಯಾರು ಕೊಡುತ್ತಾರೆ?

ಹಣ ಪೂರ್ತಿಯಾಗುವ ತನಕ ಬಾಣಂತಿ ಹೊರಗೆ ಹೋಗುವಂತಿಲ್ಲ.
ನಿಯಮ. ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದಾರೆ.
ಇದ್ದಷ್ಟು ದಿನವೂ ಮಂಚದ ಬಾಡಿಗೆ, ದಿನಕ್ಕೆ ಆರು ಸಾವಿರ.
ಕಟ್ಟಲಾರದ್ದಕ್ಕೆ ಉಳಿದಳು,
ಉಳಿದದ್ದಕ್ಕೆ ಕಟ್ಟಬೇಕು.

ಪ್ರತಿ ಸೋಮವಾರ ನರ್ಸ್ ಕೂಸನ್ನು ತೂಗುತ್ತಿದ್ದಳು,
ಪ್ರತಿ ಸೋಮವಾರ ನಾನು ಬಾಕಿ ಕೂಡುತ್ತಿದ್ದೆ.
ಮೂರು ಕಿಲೊ ನೂರು; ಮೂರು ಲಕ್ಷದ ಇಪ್ಪತ್ತೆರಡು ಸಾವಿರ.
ಮೂರು ಕಿಲೊ ಮುನ್ನೂರು; ಮೂರು ಲಕ್ಷದ ಅರವತ್ತನಾಲ್ಕು.
ಮೂರು ಕಿಲೊ ಐನೂರು; ನಾಲ್ಕು ಲಕ್ಷದ ಆರು.
ಎರಡೂ ಅವಳದೇ ಹಾಲು ಕುಡಿದು ಬೆಳೆಯುತ್ತಿರುವ ಹಾಗೆ.

ಹೊಕ್ಕುಳ ಬಳ್ಳಿ ಉದುರಿತು. ಗಾಯ ಮಾಯಿತು.
ಹೊಲಿಗೆ ಬಿಚ್ಚಿದ್ದಕ್ಕೆ ಬೇರೆ ದರ.
ಪಕ್ಕದ ಮಂಚದವರು ತಮ್ಮ ಬುಕಾರಿಯ ಮುದ್ದೆ ಮುರಿದು ಕೊಟ್ಟರು,
ಅದೊಂದು ನನ್ನ ಲೆಕ್ಕಕ್ಕೆ ಬರಲಿಲ್ಲ.

ಮೂವತ್ತೊಂದನೇ ರಾತ್ರಿ ಕರೆಂಟು ಹೋಯಿತು.
ಗೇಟಿನ ಮುದುಕ ಇಲುಂಗ
ಬೂಟಿನ ಲಾಡಿ ಕಟ್ಟಿಕೊಳ್ಳಲು ಬಗ್ಗಿದ್ದನಂತೆ.
ಅವನು ಹಾಕುವುದು ರಬ್ಬರ್ ಚಪ್ಪಲಿ.

ಅವನ ಸಂಬಳದಲ್ಲಿ ಮುರಿದುಕೊಂಡರು,
ಮುರಿದು ಬರೆದವಳು ನಾನೇ.
ಹದಿನಾಲ್ಕನೇ ಮಂಚದ ಮುಂದೆ ಕೆಂಪು ಶಾಯಿ: ವಸೂಲಾಗದ್ದು.
ವರ್ಷ ಮುಗಿಯಿತು, ಪುಸ್ತಕ ಕಪಾಟು ಸೇರಿತು.

ನಿನ್ನೆ ಸಂದಿನಲ್ಲಿ ಒಂದು ಕೈ,
ಬೆವರಿಗೆ ಮೆತ್ತಗಾದ ಐದು ಸಾವಿರದ ನೋಟು.
ಹೆಸರು ಹೇಳಲಿಲ್ಲ. "ಹದಿನಾಲ್ಕು" ಅಂದಳು.
"ಆ ಲೆಕ್ಕ ಮುಗಿದಿದೆ ತಾಯಿ. ಜಮಾ ಮಾಡಲು ಜಾಗವಿಲ್ಲ."
"ನಿಮ್ಮದು ಮುಗಿದಿರಬಹುದು," ಅಂದಳು,
"ರಸೀದಿ ಕೊಡಿ."

ಬೆನ್ನಿಗೆ ಕಟ್ಟಿದ್ದ ಹುಡುಗ ಭುಜದ ಮೇಲಿಂದ ಬಾಗಿ
ಸರಳು ಹಿಡಿದು ಅಲುಗಿಸಿದ.
ಹೆಚ್ಚುಕಮ್ಮಿ ಒಂಬತ್ತು ಕಿಲೊ ಇರಬೇಕು.
ಸರದಿಯಲ್ಲಿ ಯಾರೋ ಕೆಮ್ಮಿದರು.

ರಸೀದಿ ಪುಸ್ತಕ ತೆರೆದೆ. ತಾರೀಖು, ಮೊತ್ತ.
ಯಾರ ಬಾಬ್ತು ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತು
ಇಲುಂಗ, ಗೇಟು ಎಂದು ಬರೆಯಿತು.
ಕಾರ್ಬನ್ನಿನಡಿಯ ಹಾಳೆಯಲ್ಲೂ ಅದೇ ಹೆಸರು,
ಕೊಂಚ ಮಸುಕಾಗಿ.