ಸದರಿ ಯಂತ್ರ

ಚಿಂತಾಮಣಿ ಕಚೇರಿಯ ಜಗಲಿ. ಪುಟಕ್ಕೆ ಎರಡಾಣೆ.
ಬದುವಿನ ತಕರಾರು, ಬಾವಿಯ ಪಾಲು ಬರೆದ ಕೈ ನನ್ನದು.
ಆ ದಿನ ಮೌನಾಚಾರಿ ಗೋಣಿಯಿಂದ ಇಳಿಸಿದ್ದು
ಹುಣಸೆಬೀಜ ಬಿಡಿಸುವ ಯಂತ್ರ.
"ಕಲ್ಕತ್ತೆಗೆ ಬರೀರಿ ಸ್ವಾಮಿ, ಇದು ನಂದೇ ಅಂತ."

ಬರೆದೆ: ಸದರಿ ಸನ್ನೆ ಸದರಿ ಹಲ್ಲಿಗೆ ತಾಗಿ
ಸದರಿ ಹಣ್ಣು ಸೀಳಿ, ಬೀಜ ಕೆಳಗೆ, ತಿರುಳು ಮುಂದೆ.
"ಟಕ್ ಅಂತದೆ, ಅದನ್ನೂ ಹಾಕಿ" ಅಂದ.
ಟಕ್ಕಿಗೆ ಇಂಗ್ಲಿಷಿನಲ್ಲಿ ಏನೆಂದು
ಮಧ್ಯಾಹ್ನವೆಲ್ಲ ತಿಣುಕಿ, ಬಿಟ್ಟೆ.

ಹಲ್ಲು ಯಾಕೆ ಹಾಗೆ ಸೊಟ್ಟ?
ನೇರವಿದ್ದರೆ ನಕ್ಷೆ ಗೀಚುವುದು ಸುಲಭವಿತ್ತು.
ಅದು ಹೆಂಡತಿ ಗೌರಕ್ಕನ ತೋರುಬೆರಳಂತೆ.
ಹದಿನೆಂಟು ಸುಗ್ಗಿ ಮಂಡಿಯಲ್ಲಿ ಕೂತು ಬಿಡಿಸಿ ಬಿಡಿಸಿ
ಬಾಗಿದ್ದು ಬಾಗಿದಂತೇ ನಿಂತಿದೆ. ಅದರ ಮೇಲೆ
ಮೇಣ ಒತ್ತಿ ಅಚ್ಚು ತೆಗೆದನಂತೆ.

ನಾಲ್ಕು ತಿಂಗಳಿಗೆ ಲಕೋಟೆ ವಾಪಸ್ಸು.
ಒಂದೇ ಆಕ್ಷೇಪಣೆ. ಎರಡನೇ ಚಿತ್ರದಲ್ಲಿ
ಹಿಡಿಕೆ ತಿರುಗಿಸುವ ಕೈಯೊಂದಿದೆ, ಬಳೆ ಸಹಿತ.
ಅದು ಯಂತ್ರದ ಭಾಗವೋ ಅಲ್ಲವೋ
ಸ್ಪಷ್ಟಪಡಿಸತಕ್ಕದ್ದು.

ಓದಿ ಹೇಳಿದೆ. ಆಚಾರಿ ತಲೆ ತುರಿಸಿಕೊಂಡ.
ಕಂಬದ ಹಿಂದೆ ನಿಂತವಳು, ಅದುವರೆಗೆ ತುಟಿ ಬಿಚ್ಚದವಳು,
"ಹೌದು ಅಂತ ಬರೆದರೆ
ನಾನೂ ಇವರು ಮಾಡಿದ ಸಾಮಾನೇ ಆಯ್ತೀನಾ?" ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಅಲ್ಲ ಅಂತ ಬರೆದರೆ?"

ಮಸಿಯಲ್ಲಿ ಅದ್ದಿದ ಲೇಖನಿ ಹಿಡಿದೇ ಇದ್ದೆ.
ಕಚೇರಿಯ ಗಂಟೆ ಐದು ಹೊಡೆಯಿತು.
ಆ ಪುಟಕ್ಕೆ ನಾನು ದುಡ್ಡು ಕೇಳಲಿಲ್ಲ.