ಹದಿನಾಲ್ಕನೇ ಹಾಳೆ

ಜೂನ್ ಒಂದಕ್ಕೆ ತರಬೇಕಾದ್ದು:
ಇಪ್ಪತ್ತು ಚಿತ್ರ, ಹತ್ತು ಫೋಟೊ,
ಒಂದು ನೋಟ್‌ಬುಕ್ಕು, ಅದರಲ್ಲಿ ದಿನಕ್ಕೊಂದು ನೆರಳು.
ಗಂಗುಲಪ್ಪ ಮೇಷ್ಟ್ರು ಪಟ್ಟಿ ಬರೆದುಕೊಟ್ಟಿದ್ದು
ಗೂಡಿನ ಮಾರ್ಕೆಟ್ಟಿನ ಹಳೇ ಚೀಟಿಯ ಬೆನ್ನಿಗೆ.
ಮುಂದುಗಡೆ ಯಾರದೋ ಲಾಟು, ಯಾವತ್ತಿನದೋ ರೇಟು.

"ಮೇಲಿನ ತರಗತಿಗೆ ಏಳೇ ಜನ, ಶಗುಫ್ತಾ.
ಗೊತ್ತಿರೋದನ್ನ ಬರೀಬೇಡ. ಕಂಡದ್ದನ್ನ ಬರಿ."
ಕಂಡದ್ದೆಲ್ಲ ಗೊತ್ತಿರೋದೇ ಸರ್, ಅನ್ನಬೇಕಿತ್ತು.
ಶಿಡ್ಲಘಟ್ಟದಲ್ಲಿ ಹದಿನಾರು ವರ್ಷ,
ಅದೇ ಓಣಿ, ಅದೇ ಹಬೆ,
ಬೇಯುವ ಹುಳದ ಅದೇ ವಾಸನೆ.
ಅನ್ನಲಿಲ್ಲ. ಸೀಟು ಹೋದೀತು.

ಏಪ್ರಿಲ್ಲಿನಲ್ಲಿ ನೆರಳು ಅಗ್ಗ.
ಟ್ಯಾಂಕರಿನದು, ಅದರ ಹಿಂದೆ ನಿಂತ ಕೊಡಗಳದು,
ಗೋಡೆಗೊರಗಿಸಿದ ಚಂದ್ರಿಕೆಯದು:
ಬಿದಿರಿನ ಸುತ್ತು, ಸುತ್ತಿನೊಳಗೆ ಸುತ್ತು,
ಸುಣ್ಣದ ಮೇಲೆ ಯಾರೋ ದೊಡ್ಡವರು
ಹೆಬ್ಬೆಟ್ಟು ಒತ್ತಿ ಹೋದ ಹಾಗೆ.
ಹನ್ನೆರಡು ಹೊಡೆದರೆ ಎಲ್ಲ ನೆರಳೂ
ತಂತಮ್ಮ ಯಜಮಾನರ ಕಾಲಡಿ ನುಸುಳುತ್ತವೆ.
ಕರೆಂಟೂ ಆಗಲೇ ಹೋಗುತ್ತದೆ.

ಫೋಟೊಗೆ ಭಾಯಿಯ ಫೋನು,
ಅವನು ಮಲಗಿದ ಮೇಲೆ, ಇಲ್ಲವೇ ಏಳುವ ಮುಂಚೆ.
ಕ್ಯಾಮೆರಾದ ಗಾಜಿಗೆ ಸೀಳು.
ಯಾವುದನ್ನು ತೆಗೆದರೂ ಅಡ್ಡಕ್ಕೊಂದು ಹೊಳೆವ ಗೀರು.
ಅಮ್ಮಿ ನೋಡಿ ಅಂದಳು:
"ಎಳೆ ಕಡಿದುಹೋಗಿದೆಯಲ್ಲೇ, ಸೇರಿಸು."

ಹದಿಮೂರರವರೆಗೆ ಸರಾಗ.
ಹದಿನಾಲ್ಕನೆಯದು: ಬಿಳಿಯ ಮೇಲೆ ಬಿಳಿ ವಸ್ತು.
ಕಪ್ಪು ಮುಟ್ಟಕೂಡದು.
ಬಿಳಿಗೇನು ಬರ ನಮ್ಮ ಮನೇಲಿ?
ಅಬ್ಬುವಿನ ಒಗೆದ ಪಂಚೆ ಹಾಸಿ
ಹಿಡಿ ಗೂಡು ಚೆಲ್ಲಿ ಕ್ಲಿಕ್ ಅನ್ನಿಸಿದೆ.
ಬಂದದ್ದು ಬೂದಿಯ ಮೇಲೆ ಬೂದಿ.
ಮತ್ತೆ ತೆಗೆದೆ. ಮತ್ತೆ ಬೂದಿ.
ಮೇಷ್ಟ್ರಿಗೆ ಫೋನು ಮಾಡಿದರೆ ನಗುತ್ತಾರೆ:
"ಯಂತ್ರ ಪಾಪ, ಇಷ್ಟು ಬಿಳಿ ನಂಬೋದಿಲ್ಲ.
ಲೋಕಾನೆಲ್ಲ ಸರಾಸರಿ ಮಾಡುತ್ತೆ.
ನೀನೇ ಬೆಳಕು ಕೊಂಚ ಮೇಲೆಳಿ."

ಪೆನ್ಸಿಲ್ಲಿಗೆ ಮೇಲೆಳೆಯುವ ಗುಂಡಿ ಎಲ್ಲಿದೆ?
ಒಂಬತ್ತು ಹಾಳೆ ಕೆಟ್ಟವು.
ಬಿಳಿ ಅಂದುಕೊಂಡಿದ್ದು ಕೂತು ನೋಡಿದರೆ
ಒಂದು ಕಡೆ ಮಜ್ಜಿಗೆ, ಒಂದು ಕಡೆ ಬೆಳ್ಳುಳ್ಳಿ ಸಿಪ್ಪೆ,
ಕಿಟಕಿಗೆದುರು ಹಿಡಿದರೆ ಒಳಗೆ ಮಲಗಿದ ಕಪ್ಪು ಚುಕ್ಕಿ,
ಮುಟ್ಟಕೂಡದು ಅಂದರಲ್ಲ, ಅದೇ.

ಆ ಬುಧವಾರ ರೇಷನ್ ಅಂಗಡಿ.
ಅಮ್ಮಿ ಹೆಬ್ಬೆಟ್ಟಿಟ್ಟಳು. ಯಂತ್ರ ಕೆಂಪಾಯಿತು.
ಸೆರಗಿಗೊರೆಸಿ ಮತ್ತೆ ಇಟ್ಟಳು,
ತೋರು, ನಡು, ಉಂಗುರ, ಕಿರು.
ಇಪ್ಪತ್ತೆರಡು ವರ್ಷ ಕುದಿನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳು:
ನಯವಾಗಿದೆ, ಗೆರೆಯಿಲ್ಲ, ನೆನೆದ ಬಾದಾಮಿ.
"ಒಣಗಿಸಿಕೊಂಡು ನಾಳೆ ಬಾರಮ್ಮ," ಅಂದ.
ಅವಳು ಚೀಲ ಮಡಚಿದ ರೀತಿ
ಅದು ದಿನದ ಮಾತು ಎಂಬಂತಿತ್ತು.

ಸಂಜೆ ಬೋಗುಣಿಯ ಮೇಲೆ ಹಬೆ.
ಹಬೆಯಲ್ಲಿ ಗೂಡು, ಗೂಡಿನ ನಡುವೆ ಅವಳ ಬೆರಳು.
ನಾನು ಫೋನೆತ್ತಿದೆ.
"ಕೈ ಬೇಡ," ಅಂದಳು, ತಲೆ ಎತ್ತದೆ.
"ಈದ್ ಬರಲಿ. ಮೆಹಂದಿ ಹಾಕಿಕೊಂಡಾಗ ತೆಗಿ."
ಇಳಿಸಿದೆ. ಹಾಳೆ ತಗೊಂಡು ಬೋಗುಣಿ ಬರೆದೆ,
ಹಬೆ ಬರೆದೆ, ಚರಕದತ್ತ ಏರುವ ಎಳೆ ಬರೆದೆ,
ಕೈ ಇದ್ದ ಜಾಗ ಹಾಗೇ ಬಿಟ್ಟೆ.
ಮೇಷ್ಟ್ರು ಮುಗಿಸಿಲ್ಲ ಅಂದರೆ ಅನ್ನಲಿ.

ರಾತ್ರಿ ನೆಲದ ಮೇಲಿಂದ ಅದನ್ನೆತ್ತಿ
"ಇಲ್ಲಿ ನೀರಿರುತ್ತೆ, ಬಿಸಾಡಬೇಡ," ಅಂತ ಬೈದಳು.
ಹಿಡಿದದ್ದು ಒದ್ದೆ ಕೈ.
ಬಿಟ್ಟ ಜಾಗದ ಮೇಲೇ ಹೆಬ್ಬೆಟ್ಟು.

ಬೆಳಿಗ್ಗೆಗೆ ಒಣಗಿತ್ತು. ಎದುರು ಹಿಡಿದರೆ ಏನೂ ಇಲ್ಲ.
ಓರೆ ಬಿಸಿಲಿಗೆ ಹಿಡಿದೆ:
ಹಾಳೆ ಅಲ್ಲೊಂದಿಷ್ಟು ಉಬ್ಬಿದೆ,
ಉಬ್ಬಿಗೊಂದು ನೆರಳಿದೆ.
ಆ ದಿನದ ನೆರಳು ಅಂತ ನೋಟ್‌ಬುಕ್ಕಿನಲ್ಲೂ ಬರೆದೆ.

ಇನ್ನು ಹದಿನೈದು: ಓಡುವ ಪ್ರಾಣಿ.
ಪಕ್ಕದ ಮನೆಯ ಮೇಕೆಯೆದುರು
ಮೂರು ದಿನದಿಂದ ಕೂತಿದ್ದೇನೆ.
ಈ ಬಿಸಿಲಲ್ಲಿ ಅದೇಕೆ ಓಡೀತು.