ನೆಲಕ್ಕೊಂದು ಲೈನಿಂಗ್

ಬೋಳಾರದ ಈ ಬಾಡಿಗೆ ಮನೆಯ ಹಿಂದೆ
ಬಟ್ಟೆ ಒಗೆಯುವ ಕಲ್ಲಿನಿಂದ ಕಂಪೌಂಡಿನವರೆಗೆ
ಟೇಪು ಹಿಡಿದು ಅಳೆದೆ: ಒಂಬತ್ತು ಅಡಿ, ಆರೂವರೆ.
ಒಂದು ಸೀರೆಯಷ್ಟೂ ಇಲ್ಲ.
ಇದ್ದಷ್ಟೂ ಕೆಸರು.

ಮಳೆ ಬಂದರೆ ಕೆಂಪು ಮಣ್ಣು ಹಾರಿ
ಗೋಡೆಗೆ ಮೊಣಕಾಲೆತ್ತರ ಅಂಚು ಕಟ್ಟುತ್ತಿತ್ತು,
ನೀರಲ್ಲಿ ಅದ್ದಿ ಒಣಹಾಕಿದ
ಗಿರಾಕಿಗಳ ಫಾಲ್ಸಿಗೂ ಸಿಡಿಯುತ್ತಿತ್ತು.
ನರ್ಸರಿಯಿಂದ ಹುಲ್ಲು ತಂದೆ, ಚೌಕಕ್ಕೆ ನಲವತ್ತು ರೂಪಾಯಿ.
ಜುಲೈ ಮುಗಿಯುವಾಗ ಕೊಳೆತು
ಒದ್ದೆ ಗೋಣಿಯ ವಾಸನೆ.

ಸೆವ್ರಿನ್ ಬಾಯಿ ಗೋಡೆಯಾಚೆಯಿಂದ ನೋಡಿ ನಕ್ಕರು.
ಅವರ ಬಾವಿಕಟ್ಟೆಯ ಸುತ್ತ ಹರಡಿಕೊಂಡಿತ್ತು ಅದು.
ನಮ್ಮಲ್ಲಿ ತಿಮರೆ, ಅವರಲ್ಲಿ ಎಕ್ಪಾನಿ,
ಶಾಲೆಯ ಪುಸ್ತಕದಲ್ಲಿ ಒಂದೆಲಗ.
ಮೂರು ಹೆಸರಿಗೂ ಅದೇ ಎಲೆ,
ದುಂಡಗೆ ಕತ್ತರಿಸಿ
ಒಂದು ಕಡೆ ಮಾತ್ರ ಸೀಳು ಬಿಟ್ಟದ್ದು.

"ಕೇಳಿ ತಕ್ಕೊಂಡದ್ದು ಹಿಡಿಯುವುದಿಲ್ಲ," ಎಂದರು ಬಾಯಿ.
"ನಾನು ಮಧ್ಯಾಹ್ನ ಮಲಗುವುದುಂಟು. ಎರಡರಿಂದ ಮೂರು."
ಕದಿಯುವವರಿಗೆ ಇಷ್ಟು ಸರಿಯಾಗಿ
ಟೈಮು ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

ಎಳೆದರೆ ಬಂತು ಬಳ್ಳಿ, ಟಪ್ ಟಪ್ ಎಂದು,
ಹಳೆ ಹೊಲಿಗೆ ಬಿಚ್ಚುವಾಗಿನ ಅದೇ ಸದ್ದು.
ಮೂರು ಮೂರು ಇಂಚಿಗೊಂದು ಗಂಟು,
ಗಂಟಿನ ಅಡಿಗೆ ಬಿಳಿ ಬೇರು, ಮೇಲೆ ಎಲೆ.
ಇದು ಕಚ್ಚಾ ಹೊಲಿಗೆಯಲ್ಲವಾ ಮಾರಾಯ್ರೆ!
ಒಳಗೆ ಹೋಗು, ಹೊರಗೆ ಬಾ, ಸ್ವಲ್ಪ ಓಡು,
ಮತ್ತೆ ಒಳಗೆ ಹೋಗು.
ಮೂವತ್ತೊಂದು ವರ್ಷ ನಾನು ಮಾಡಿದ್ದೂ ಅಷ್ಟೇ.

ಮೊದಲ ವರ್ಷ ಅದು ಯೋಚನೆ ಮಾಡಿತು.
ಎರಡನೆಯ ಮಳೆಗೆ ಒಗೆಯುವ ಕಲ್ಲನ್ನು ಸುತ್ತಿತು.
ಮೂರಕ್ಕೆ ಮಣ್ಣು ಕಾಣಲಿಲ್ಲ.
ಈಗ ಮಳೆ ಎಲೆಯ ಮೇಲೆ ಬಿದ್ದು,
ಒಂದು ಗಳಿಗೆ ನಿಂತು, ಮೆಲ್ಲ ಒಳಗಿಳಿಯುತ್ತದೆ,
ಲೈನಿಂಗ್ ಕೊಟ್ಟ ರವಿಕೆ ಬೆವರು ಕುಡಿದ ಹಾಗೆ.
ಗೋಡೆ ಬಿಳಿಯಾಗಿಯೇ ಉಂಟು.

ನೆನಪಿಗೆ ಒಳ್ಳೆಯದು, ತಿನ್ನಿ ಅಕ್ಕಾ, ಎನ್ನುತ್ತಾರೆ ಗಿರಾಕಿಗಳು.
ತಿನ್ನುತ್ತೇನೆ. ಕಾಯಿ, ಗಾಂಧಾರಿ ಮೆಣಸು, ಚೂರು ಹುಳಿ,
ಗಂಜಿಗೆ ಬೇರೇನೂ ಬೇಡ.
ಆದರೆ ನನ್ನ ನೆನಪಿಗೆ ಎಂತ ಕಮ್ಮಿ?
ಸತ್ತವರ ಅಳತೆಗಳೂ ಬಾಯಿಪಾಠ:
ಸೆವ್ರಿನ್ ಬಾಯಿ, ಭುಜ ಹದಿನಾಲ್ಕು, ತೋಳು ಒಂಬತ್ತು,
ಎಡಗಡೆ ಅರ್ಧ ಇಂಚು ಸಡಿಲ.
ಅವರ ಬಾವಿಕಟ್ಟೆಗೆ ಈಗ ಇಂಟರ್‌ಲಾಕ್ ಹಾಕಿದ್ದಾರೆ.
ಮರೆಯಲಿಕ್ಕೆ ಯಾವ ಎಲೆ ಅಂತ
ಯಾರೂ ಹೇಳುವುದಿಲ್ಲ.

ಈ ಮಾರ್ಚಿನಲ್ಲಿ ನೀರಿನ ಬಿಲ್ಲು ನೋಡಿ
ಧಣಿಗಳು ಇದಿನಬ್ಬನನ್ನು ಕಳಿಸಿದರು.
ಏಳು ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಳ್ಳಿಗೆ
ಹೊಸ ವಾಷರ್. ಐದು ನಿಮಿಷದ ಕೆಲಸ.
ನಾಲ್ಕನೆಯ ದಿನಕ್ಕೆ ಎಲೆಗಳು ಅಂಗೈ ಮುಚ್ಚಿದವು,
ವಾರಕ್ಕೆ ಅಂಚು ಸುಟ್ಟಿತು,
ಇಸ್ತ್ರಿ ಮರೆತ ಬಟ್ಟೆಯ ಹಾಗೆ.
ಆಗ ಗೊತ್ತಾಯಿತು. ಹಿತ್ತಿಲು ಮಾಡಿದ್ದು ನಾನಲ್ಲ,
ಆ ಹಾಳು ನಳ್ಳಿ.

ಫೋನು ಮಾಡಿ ಹೇಳಿದೆ, ನಾಚಿಕೆ ಬಿಟ್ಟು:
ಮೊದಲಿನ ಹಾಗೆ ಹಾಳು ಮಾಡಿಕೊಡು.
"ಸರಿ ಮಾಡಲಿಕ್ಕೆ ಇನ್ನೂರು, ಟೈಲರಕ್ಕ.
ಹಾಳು ಮಾಡಲಿಕ್ಕೆ ಎಷ್ಟು ಅಂತ ನನಗೂ ಗೊತ್ತಿಲ್ಲ."
ಬಂದ. ನಳ್ಳಿ ಮುಟ್ಟಲಿಲ್ಲ.
ಅಕ್ಕಿ ತೊಳೆದ ನೀರು ಚರಂಡಿಗೆ ಹೋಗುವ ಪೈಪು ಕೊಯ್ದು
ಎಲ್ಬೋ ಕೂರಿಸಿ ಈಚೆ ತಿರುಗಿಸಿದ.
ಬಿಳಿ ನೀರು ಗಂಟಿನಿಂದ ಗಂಟಿಗೆ ಹರಿಯಿತು.

ದುಡ್ಡು ಬೇಡ ಎಂದ. ನಿಂತೇ ಇದ್ದ.
ಅವನ ಮನೆಯ ಹಿಂದೆಯೂ ಬರೀ ಕೆಸರಂತೆ.

ಕೇಳಬೇಡ, ಎಂದೆ. ನನಗೆ ಕೆಲಸ ಉಂಟು.
ಒಳಗೆ ಬಂದು ಅವನಿಗೆ ಬೆನ್ನು ಹಾಕಿ
ಮಿಷನ್ನಿಗೆ ದಾರ ಪೋಣಿಸುತ್ತ ಕೂತೆ.
ಸೂಜಿಯ ಕಣ್ಣು ಈಗ ಬೇಗ ಸಿಗುವುದಿಲ್ಲ.
ಹಿಂದಿನಿಂದ ಕೇಳಿತು
ಟಪ್,
ಟಪ್.